ಬ್ರೆಡ್‌ಕ್ರಂಬ್‌ನಲ್ಲಿ (ಪುಟದ ಮೇಲಿನ ಲಿಂಕುಗಳ ಸಾಲಿನಲ್ಲಿ) ಇರುವ ಜಾಗ ತೋರಿಸಬೇಕಾ, ಬಂದ ದಾರಿ ತೋರಿಸಬೇಕಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ ಕೇಳಿದವರು:
ನಮ್ಮದು ಆಫೀಸಿನೊಳಗೆ ಬಳಸುವ ವೆಬ್ ಆ್ಯಪ್. ದೂರು, ಆರ್ಡರ್, ಗ್ರಾಹಕ, ಬಿಲ್ ಎಲ್ಲವೂ ಒಂದಕ್ಕೊಂದು ಲಿಂಕ್ ಆಗಿವೆ. ದೂರಿನಿಂದ ಆರ್ಡರಿಗೆ, ಅಲ್ಲಿಂದ ಗ್ರಾಹಕರ ಪುಟಕ್ಕೆ ಹೋದರೆ ಮೇಲೆ 'ಮುಖಪುಟ › ಗ್ರಾಹಕರು' ಅಂತ ಬರುತ್ತದೆ. 'ನಾನು ನೋಡ್ತಿದ್ದ ದೂರು ಎಲ್ಲಿ ಹೋಯಿತು?' ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೇ ನಡೆದು ಬಂದ ದಾರಿಯನ್ನೇ ತೋರಿಸೋಣ ಅಂದುಕೊಂಡಿದ್ದೇನೆ. ಹೇಗಿತ್ತು ನಿಮ್ಮ ಅನುಭವ?

ದಾಸ್ತಾನು ಆ್ಯಪ್‌ನವನು:
ಮಾಡಬೇಡಿ. ಮೂರು ವಾರದ ಕೆಲಸ ಅಂತ ಒಪ್ಪಿಕೊಂಡಿದ್ದೆ, ಹನ್ನೊಂದು ವಾರ ತಿಂದಿತು.

ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಒಬ್ಬರು ಸರಕಿನಿಂದ ಪೂರೈಕೆದಾರರಿಗೆ, ಅಲ್ಲಿಂದ ಮತ್ತೆ ಅದೇ ಸರಕಿಗೆ ಓಡಾಡಿದರು. ಬಂದ ದಾರಿ ತೋರಿಸುವ ಜಾಡಿನಲ್ಲಿ 19 ಕೊಂಡಿ, ಮೂರು ಸಾಲು. ಸರಿ, ಹಳೇ ಪುಟಕ್ಕೆ ಮತ್ತೆ ಬಂದರೆ ಅಲ್ಲಿಗೆ ಜಾಡು ಕತ್ತರಿಸು ಅಂತ ನಿಯಮ ಹಾಕಿದೆ. ಆಗ ಎರಡು ಸರಕು ಹೋಲಿಸಿ ನೋಡುವವರಿಗೆ ಪ್ರತಿ ಸಲವೂ ಎರಡನೆಯದು ಮಾಯ!

ನಿಜವಾಗಿ ಕೈ ಸುಟ್ಟಿದ್ದು ಬ್ಯಾಕ್ ಬಟನ್. ಅದನ್ನು ಒತ್ತಿದರೆ ಬ್ರೌಸರ್ ಒಂದು ಹೆಜ್ಜೆ ಹಿಂದೆ ಹೋಗುತ್ತಿತ್ತು, ನಮ್ಮ ಕೋಡ್ ಮಾತ್ರ 'ಹೊಸ ಪುಟ ಬಂತು' ಅಂತ ಜಾಡಿಗೆ ಒಂದು ಸೇರಿಸುತ್ತಿತ್ತು. ಚರಿತ್ರೆಯಲ್ಲಿ ಓಡಾಡಿದಾಗ ಬ್ರೌಸರ್ ಕೊಡುವ ಸೂಚನೆ, ಪಾಪ್‌ಸ್ಟೇಟ್, ಹಿಂದೆ ಹೋದರೂ ಬರುತ್ತದೆ, ಮುಂದೆ ಹೋದರೂ ಬರುತ್ತದೆ. ಯಾವ ದಿಕ್ಕು ಅಂತ ಹೇಳುವುದಿಲ್ಲ. ಕೊನೆಗೆ ಪ್ರತಿ ಪುಶ್‌ಸ್ಟೇಟ್ (ಚರಿತ್ರೆಗೆ ಹೊಸ ನಮೂದು ಸೇರಿಸುವ ಆಜ್ಞೆ) ಜೊತೆ ಒಂದು ಸಂಖ್ಯೆ ಇಟ್ಟು, ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ ದಿಕ್ಕು ಕಂಡುಹಿಡಿದೆವು. ಅದಕ್ಕೇ ಒಂಬತ್ತು ದಿನ. ಅಷ್ಟರಲ್ಲಿ ಟ್ಯಾಬ್ ನಕಲು ಮಾಡಿದರೆ ನಾವು ಜಾಡು ಇಟ್ಟಿದ್ದ ಸೆಷನ್ ಸ್ಟೋರೇಜ್ (ಬ್ರೌಸರ್ ಪ್ರತಿ ಟ್ಯಾಬ್‌ಗೆ ಬೇರೆಯಾಗಿ ಇಟ್ಟುಕೊಳ್ಳುವ ಮಾಹಿತಿ) ಕೂಡ ನಕಲಾಗುತ್ತದೆ ಅಂತ ಗೊತ್ತಾಯಿತು. ಲಿಂಕನ್ನು ಹೊಸ ಟ್ಯಾಬ್‌ನಲ್ಲಿ ತೆರೆದರೆ ಜಾಡು ಖಾಲಿ, ಟ್ಯಾಬನ್ನೇ ನಕಲು ಮಾಡಿದರೆ ಪೂರ್ತಿ ಹಳೇ ಜಾಡು. ಬಳಕೆದಾರರಿಗೆ ಇದನ್ನು ಹೇಗೆ ವಿವರಿಸುತ್ತೀರಿ?

ಬ್ರೆಡ್‌ಕ್ರಂಬ್ ಶ್ರೇಣಿಯನ್ನು (ಯಾವ ಪುಟ ಯಾವುದರ ಒಳಗಿದೆ ಅನ್ನುವುದನ್ನು) ತೋರಿಸಬೇಕು, ಚರಿತ್ರೆಯನ್ನಲ್ಲ ಅಂತ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2007ರಲ್ಲೇ ಬರೆದಿದ್ದರು. ಕೇಳಲಿಲ್ಲ ನಾನು.

ತನಿಖೆ ತಂಡದ ಡೆವಲಪರ್:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಕೋಡ್ ಕೆಟ್ಟರೆ ಐಡಿಯಾನೇ ತಪ್ಪಾಗುತ್ತಾ? ನೀಲ್ಸನ್ ಹೇಳಿದ್ದು ವೆಬ್‌ಸೈಟುಗಳ ಮಾತು. ಒಂದು ದಾಖಲೆಯಿಂದ ಇನ್ನೊಂದಕ್ಕೆ ಸುಳಿವು ಹಿಡಿದು ಹೋಗುವ ಆ್ಯಪ್‌ನಲ್ಲಿ ಯಾವ ಶ್ರೇಣಿ ಇದೆ ತೋರಿಸೋಕೆ? ನಮ್ಮದು ನಾಲ್ಕು ವರ್ಷದಿಂದ ನಡೆಯುತ್ತಿದೆ, ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ನಾವು ಜಾಡಿನಲ್ಲಿ ಪುಟದ ವಿಳಾಸ (ಯುಆರ್‌ಎಲ್) ಇಡಲೇ ಇಲ್ಲ. ದಾಖಲೆಯ ಬಗೆ ಮತ್ತು ಅದರ ಐಡಿ, ಅಷ್ಟೇ. ಫಿಲ್ಟರ್ ಬದಲಾದರೆ, ಪಟ್ಟಿಯ ಪುಟ ತಿರುಗಿಸಿದರೆ ರಿಪ್ಲೇಸ್‌ಸ್ಟೇಟ್, ಅಂದರೆ ಇದ್ದ ನಮೂದನ್ನೇ ಬದಲಿಸುವುದು. ಹೊಸ ದಾಖಲೆ ತೆರೆದರೆ ಮಾತ್ರ ಪುಶ್. ಕೊನೆಯ ಐದು ಮಾತ್ರ ಕಾಣುತ್ತವೆ. ಜಾಸ್ತಿ ಜಗಳ ಆಗಿದ್ದು ಜಾಡಿನ ಕೊಂಡಿ ಒತ್ತಿದಾಗ ಏನಾಗಬೇಕು ಅನ್ನುವುದಕ್ಕೆ. ಅದನ್ನೂ ಪುಶ್ ಮಾಡಿದರೆ, ಬ್ಯಾಕ್ ಒತ್ತಿದ ಕೂಡಲೇ ಬಿಟ್ಟು ಬಂದ ಆಳಕ್ಕೇ ಮತ್ತೆ ಬೀಳುತ್ತೀರಿ. ಬ್ರೌಸರ್ ಚರಿತ್ರೆಯಲ್ಲೇ ಮೂರು ಹೆಜ್ಜೆ ಹಿಂದೆ ಹೋದರೆ ಫಾರ್ವರ್ಡ್ ಉಳಿಯುತ್ತದೆ, ಬ್ಯಾಕ್ ಕೂಡ ಹೇಳಿದಂತೆ ಕೇಳುತ್ತದೆ. ನಾವು ಎರಡನೆಯದನ್ನು ಹಿಡಿದೆವು. ಕ್ರೋಮ್‌ನಲ್ಲಿ 2022ರಿಂದ ಈ ಚರಿತ್ರೆಯನ್ನು ಕೋಡ್‌ನಿಂದ ನಿಭಾಯಿಸಲು ನ್ಯಾವಿಗೇಷನ್ ಎಪಿಐ ಇದೆ. ಪ್ರತಿ ನಮೂದಿಗೂ ಅದರದ್ದೇ ಕೀ ಇರುತ್ತದೆ, ಸಂಖ್ಯೆ ಎಣಿಸುವ ಕಷ್ಟ ಬೇಡ.

ದಾಸ್ತಾನು ಆ್ಯಪ್‌ನವನು:
ನಾನು ಕಟ್ಟಿದ್ದು 2016ರಲ್ಲಿ. ಆಗ ಆ ಎಪಿಐ ಎಲ್ಲಿತ್ತು? ಗಾದೆ ಹೇಳುವ ಮುಂಚೆ ಒಂದು ಮಾತು ಕೇಳಬಹುದಿತ್ತು.

ಸ್ಕ್ರೀನ್ ರೀಡರ್ ಬಳಸುವವಳು:
ನಿಮ್ಮಿಬ್ಬರ ಜಗಳದಲ್ಲಿ, ಪರದೆಯಲ್ಲಿರುವುದನ್ನು ಓದಿಸಿ ಕೇಳುವ ನಮ್ಮಂಥವರು ಯಾರಿಗೂ ನೆನಪಾಗಲಿಲ್ಲ. ನಾನು ದಿನವೂ ಬಳಸುವ ಒಂದು ಆ್ಯಪ್‌ನಲ್ಲಿ ನಡುವಿನ ಬಾಣದ ಗುರುತನ್ನು ಅಕ್ಷರವಾಗಿ ಬರೆದಿದ್ದಾರೆ. ಆರು ಕೊಂಡಿ ಇದ್ದರೆ ಐದು ಸಲ 'ಗ್ರೇಟರ್ ದ್ಯಾನ್' ಕೇಳಬೇಕು. ಅದನ್ನು ಸಿಎಸ್‌ಎಸ್‌ನಲ್ಲಿ (ಪುಟದ ಅಲಂಕಾರದ ಕೋಡ್‌ನಲ್ಲಿ) ಗಡಿ ಗೆರೆಯಾಗಿ ಬರೆದರೆ ಮುಗಿಯಿತು. ನ್ಯಾವ್ (ಸಂಚಾರದ ಲಿಂಕುಗಳಿಗಿರುವ ಎಚ್‌ಟಿಎಂಎಲ್ ಟ್ಯಾಗ್) ಒಳಗೆ ಕ್ರಮದ ಪಟ್ಟಿ, ಕೊನೆಯ ಕೊಂಡಿಗೆ 'ಈಗಿರುವ ಪುಟ ಇದೇ' ಅಂತ ಹೇಳುವ ಏರಿಯಾ-ಕರೆಂಟ್ ಗುಣದ ಬೆಲೆ 'ಪೇಜ್'. ಇಷ್ಟು ಸಾಕು.

ಇನ್ನೊಂದು. ಬಂದ ದಾರಿ ತೋರಿಸುವುದಾದರೆ ಅದಕ್ಕೆ ಹಾಗೇ ಹೆಸರಿಡಿ. ನನ್ನ ಆ್ಯಪ್‌ನಲ್ಲಿ ನ್ಯಾವ್‌ನ ಲೇಬಲ್ 'ರೊಟ್ಟಿ ಚೂರು' ಅಂತ ಓದುತ್ತದೆ, ಬ್ರೆಡ್‌ಕ್ರಂಬ್‌ನ ನೇರ ಅನುವಾದ. ಏನು ಅಂತ ತಿಳಿಯಲು ನನಗೆ ಎರಡು ವಾರ ಬೇಕಾಯಿತು. 'ನೀವು ಬಂದ ದಾರಿ' ಅಂದರೆ ಯಾರಿಗೂ ಅರ್ಥವಾಗುತ್ತದೆ.

ಅನುವಾದದ ಕೆಲಸದವನು:
ಆ ಮಾತು ನಮಗೆ ಸುಮ್ನೆ ಹಾಳೆಯಲ್ಲಿ ಬರುತ್ತದೆ, ಪರದೆ ಯಾರೂ ತೋರಿಸುವುದಿಲ್ಲ. ತಪ್ಪನ್ನು ನಮ್ಮ ತಲೆಗೆ ಕಟ್ಟಬೇಡಿ. ಆದರೂ 'ಜಾಡು' ಅನ್ನುವುದೇ ಸರಿ. ಚಿಕ್ಕದು, ಮೊಬೈಲಿನಲ್ಲೂ ಹಿಡಿಸುತ್ತದೆ.

ಸ್ಕ್ರೀನ್ ರೀಡರ್ ಬಳಸುವವಳು:
ಲೇಬಲ್ ಕಿವಿಗೆ ಬೀಳುವುದು, ಪರದೆಯ ಮೇಲೆ ಜಾಗ ತಿನ್ನುವುದಿಲ್ಲ. ಚಿಕ್ಕದಾಗಬೇಕು ಯಾಕೆ?

ಒಮ್ಮೆ ಪೆಟ್ಟು ತಿಂದವಳು:
ನಾವು ಜಾಡನ್ನು ವಿಳಾಸದೊಳಗೇ ಸೇರಿಸಿದ್ದೆವು, ಲಿಂಕ್ ಕಳಿಸಿದರೆ ಜಾಡೂ ಹೋಗಲಿ ಅಂತ. ಕೊಂಡಿಯ ಶೀರ್ಷಿಕೆಯಲ್ಲಿ ಗ್ರಾಹಕರ ಹೆಸರಿತ್ತು. ಒಬ್ಬರು ಆ ಲಿಂಕನ್ನು ಹೊರಗಿನವರಿಗೆ ಮೇಲ್ ಮಾಡಿದರು. ಸಂಬಂಧವೇ ಇಲ್ಲದ ಮೂವರು ಗ್ರಾಹಕರ ಹೆಸರು ಅದರಲ್ಲಿ ಸಾಲಾಗಿ ನಿಂತಿದ್ದವು. ಸರ್ವರ್ ಲಾಗ್‌ನಲ್ಲೂ ಅದೇ ಹೆಸರುಗಳು. ಲಾಗ್ ತೊಳೆಯಲು ಆರು ದಿನ, ಬ್ಯಾಕಪ್ ಪ್ರತಿಗಳಿಗೆ ಇನ್ನೂ ನಾಲ್ಕು. ಆಮೇಲೆ ಸೆಷನ್ ಸ್ಟೋರೇಜ್‌ಗೆ ಹೋದೆವು. ಲಾಗ್‌ಔಟ್ ಮಾಡಿದಾಗ ಅದನ್ನು ಅಳಿಸುವುದನ್ನು ಮರೆತೆವು. ಅದೇ ಟ್ಯಾಬ್‌ನಲ್ಲಿ ಮುಂದಿನವರು ಲಾಗಿನ್ ಆದರೆ ಹಿಂದಿನವರ ಜಾಡು ಕಾಣುತ್ತಿತ್ತು. ನನಗೆ ಇವತ್ತಿಗೂ ಆ ವಾರ ನೆನೆದರೆ ಹೊಟ್ಟೆ ಕಿವುಚುತ್ತದೆ.

ತನಿಖೆ ತಂಡದ ಡೆವಲಪರ್:
ಅದಕ್ಕೇ ಐಡಿ ಮಾತ್ರ ಇಡಿ ಅಂದಿದ್ದು. ಹೆಸರನ್ನು ತೋರಿಸುವ ಹೊತ್ತಿಗೆ ಸರ್ವರ್‌ನಿಂದ ತರಬೇಕು. ನೋಡುವ ಅನುಮತಿ ಇಲ್ಲದವರಿಗೆ ಅದು ಸಿಗುವುದೇ ಇಲ್ಲ.

ಒಮ್ಮೆ ಪೆಟ್ಟು ತಿಂದವಳು:
ಈಗ ಗೊತ್ತು. ಆಗ ಹೇಳುವವರು ಇರಲಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನ ದೂರಿನ ಪುಟದ ವಿಷಯ ಹಾಗೇ ಉಳಿಯಿತು ಅಲ್ವಾ? ಇದನ್ನೆಲ್ಲ ಓದಿ ಇನ್ನೊಂದು ದಾರಿ ಹೊಳೆಯಿತು. ದೂರು ಎಡಗಡೆ ಇದ್ದಲ್ಲೇ ಇರಲಿ, ಆರ್ಡರ್ ಮತ್ತು ಗ್ರಾಹಕ ಬಲಗಡೆ ಪ್ಯಾನಲ್‌ನಲ್ಲಿ ತೆರೆಯಲಿ. ಮೇಲಿನ ಬ್ರೆಡ್‌ಕ್ರಂಬ್ ಶ್ರೇಣಿಯನ್ನೇ ತೋರಿಸಲಿ.

ದಾಸ್ತಾನು ಆ್ಯಪ್‌ನವನು:
ಪ್ಯಾನಲ್ ತೆರೆದಿರುವಾಗ ಬ್ಯಾಕ್ ಒತ್ತಿದರೆ ಪ್ಯಾನಲ್ ಮುಚ್ಚುತ್ತದಾ, ದೂರಿನ ಪುಟವೇ ಹೋಗುತ್ತದಾ? ಒಂದು ಸಾಲು ಕೋಡ್ ಬರೆಯುವ ಮುಂಚೆ ಅದನ್ನು ತೀರ್ಮಾನಿಸಿ. ನಾನು ಅದನ್ನು ಒಂಬತ್ತನೇ ವಾರಕ್ಕೆ ಬಿಟ್ಟಿದ್ದೆ.