"ತಂಡದ ಆಸ್ತಿ"ಯನ್ನು ಮಾರಬಹುದಾ? ಅಸೆಟ್ ಮ್ಯಾನೇಜ್‌ಮೆಂಟ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಐಸ್ ಹಾಕಿ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ನಮ್ಮ ಕೊಡಗಿನ ಹಾಕಿ ಅಲ್ಲ, ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗ್. ಅಲ್ಲಿ ತಂಡಕ್ಕೆ ಆಟಗಾರರನ್ನು ತರುವ, ಬೇರೆ ತಂಡಕ್ಕೆ ಕೊಡುವ ಜನರಲ್ ಮ್ಯಾನೇಜರನ್ನು ಹೊಗಳುವಾಗ ಅವರ ಅಸೆಟ್ ಮ್ಯಾನೇಜ್‌ಮೆಂಟ್ ಚೆನ್ನಾಗಿದೆ ಅನ್ನುತ್ತಾರೆ. "ಆಸ್ತಿ ನಿರ್ವಹಣೆ" ಅಂತ ಬರೆದೆ. ಓದಿದ ತಂಗಿ, "ಯಾರಿವರು, ಸೈಟು ಮಾರೋರಾ?" ಅಂದಳು.

ತಮಾಷೆ ಬಿಡಿ, ತೊಡಕು ಇರುವುದು ಬೇರೆ ಕಡೆ. ನಮ್ಮ ಪತ್ರಿಕೆಗಳಲ್ಲಿ "ಅವನು ತಂಡದ ಆಸ್ತಿ" ಅಂದರೆ ಏನೇ ಆದರೂ ಬಿಟ್ಟುಕೊಡಬಾರದವನು ಅಂತ. ಅಲ್ಲಿ ಅಸೆಟ್ ಅಂದರೆ ಹೆಚ್ಚೂಕಡಿಮೆ ಉಲ್ಟಾ, ಕೊಟ್ಟರೆ ಬದಲಿಗೆ ಏನಾದರೂ ಹುಟ್ಟುವಂಥದ್ದು. ಆಟಗಾರ ಮಾತ್ರ ಅಲ್ಲ, ಮುಂದಿನ ಡ್ರಾಫ್ಟ್‌ನಲ್ಲಿ ಹೊಸ ಹುಡುಗನನ್ನು ಆರಿಸುವ ಸರದಿಯೂ ಅಸೆಟ್ಟೇ. ಯಾರು ಅಂತಲೇ ಗೊತ್ತಿಲ್ಲದ ಹುಡುಗ ಆಸ್ತಿ ಹೇಗಾಗ್ತಾನೆ?

ಕೊಲರಾಡೊ ಅವಲಾಂಚ್ ತಂಡವನ್ನೇ ನೋಡಿ. 2016-17ರಲ್ಲಿ 82 ಪಂದ್ಯಗಳಿಂದ ಬರೀ 48 ಅಂಕ, ಲೀಗಿಗೇ ಕೊನೆ. ತಂಡದ ಆಟಗಾರ ಮ್ಯಾಟ್ ಡುಶೇನ್ ತನ್ನನ್ನು ಬೇರೆ ತಂಡಕ್ಕೆ ಕಳಿಸಿ ಅಂತ ಕೇಳಿದ್ದ. ಜನರಲ್ ಮ್ಯಾನೇಜರ್ ಜೋ ಸಾಕಿಕ್ ಅವಸರ ಮಾಡಲಿಲ್ಲ, ತಿಂಗಳುಗಟ್ಟಲೆ ಬೈಸಿಕೊಂಡು ಸುಮ್ನೆ ಕೂತರು. 2017ರ ನವೆಂಬರ್ 5ರಂದು ಬ್ರೂಕ್ಲಿನ್‌ನಲ್ಲಿ ಪಂದ್ಯ ನಡೀತಿರುವಾಗಲೇ, ಮೊದಲ ಅವಧಿಯಲ್ಲೇ, ಡುಶೇನ್‌ನನ್ನು ಬೆಂಚಿನಿಂದ ಎಬ್ಬಿಸಿ ಕರೆದುಕೊಂಡು ಹೋದರು. ಒಟ್ಟಾವಾ, ನ್ಯಾಶ್‌ವಿಲ್ ಎರಡೂ ತಂಡಗಳನ್ನು ಸೇರಿಸಿ ಕುದುರಿಸಿದ ಆ ವ್ಯವಹಾರದಲ್ಲಿ ಒಬ್ಬನನ್ನು ಕೊಟ್ಟು ಸ್ಯಾಮ್ ಜಿರಾರ್ ಸೇರಿ ನಾಲ್ವರು ಆಟಗಾರರು, ಮೇಲೆ ಮೂರು ಡ್ರಾಫ್ಟ್ ಸರದಿ ಬಂದವು. ಒಟ್ಟಾವಾದಿಂದ ಬಂದ ಮೊದಲ ಸುತ್ತಿನ ಸರದಿ 2019ರಲ್ಲಿ ನಾಲ್ಕನೆಯದಾಗಿ ಬಿತ್ತು, ಅದರಲ್ಲಿ ಬೋವೆನ್ ಬೈರಮ್ ಸಿಕ್ಕಿದ. 2022ರಲ್ಲಿ ಲೀಗಿನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದ ಅವಲಾಂಚ್ ತಂಡದಲ್ಲಿ ಜಿರಾರ್, ಬೈರಮ್ ಇಬ್ಬರೂ ಇದ್ದರು. ಅದೇ ತಂಡದ ಡೆವಾನ್ ಟೇವ್ಸ್, ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯ ಇಕ್ಕಟ್ಟಿನಲ್ಲಿದ್ದ ನ್ಯೂಯಾರ್ಕ್ ಐಲ್ಯಾಂಡರ್ಸ್‌ನಿಂದ 2020ರಲ್ಲಿ ಬಂದವನು, ಬರೀ ಎರಡು ಸರದಿಗೆ, ಅವೂ ಎರಡನೇ ಸುತ್ತಿನವು. ಎಲ್ಲವೂ ಜಾಣತನ ಅಲ್ಲ ಬಿಡಿ: ಲೀಗಿಗೇ ಕೊನೆಯಾದರೂ, 2017ರಲ್ಲಿ ಡ್ರಾಫ್ಟ್ ಸರದಿ ತೀರ್ಮಾನಿಸುವ ಲಾಟರಿಯಲ್ಲಿ ನಾಲ್ಕಕ್ಕೆ ಜಾರಿದ್ದಕ್ಕೇ ಮುಂದೆ ತಂಡದ ತಾರೆಯಾದ ಕೇಲ್ ಮಕಾರ್ ಕೈಗೆ ಬಂದದ್ದು!

ಇನ್ನು ಪದ. ಸ್ವತ್ತು ಅಂದರೆ ಮುಟ್ಟುಗೋಲು ನೆನಪಾಗುತ್ತೆ. ಸರಕು ಅಂದರೆ ಆಟಗಾರನಿಗೆ ಅವಮಾನ, ಬೆಂಚಿನಿಂದ ಎಬ್ಬಿಸಿದ ರೀತಿಗೆ ಅದೇ ಸರಿ ಅನ್ನಿಸಿದರೂ. ಬಂಡವಾಳ ಪರವಾಗಿಲ್ಲ, ಹೂಡುವುದು ಬೆಳೆಸುವುದು ಎರಡೂ ಅದರಲ್ಲಿದೆ, ಆದರೆ "ಬಂಡವಾಳ ಬಯಲಾಯ್ತು" ಅನ್ನೋ ಮಾತು ಬೆನ್ನಿಗೇ ಬರುತ್ತೆ, ಅಲ್ವಾ?

ನಮ್ಮ ಕಡೆ ಅಡಿಕೆ ಬೆಳೆಗಾರರು ಎದುರು ಸಿಕ್ಕರೆ "ಕೊಟ್ರಾ, ಇಟ್ಕೊಂಡ್ರಾ?" ಅಂತ ಕೇಳ್ತಾರೆ. ಸಾಕಿಕ್ ಮಾಡಿದ್ದೂ ಅದೇ, ದರ ಬರುವವರೆಗೆ ಇಟ್ಟುಕೊಂಡು ಆಮೇಲೆ ಕೊಟ್ಟಿದ್ದು. ಹಾಗಾಗಿ ಸದ್ಯಕ್ಕೆ "ಯಾರನ್ನು ಇಟ್ಕೋಬೇಕು, ಯಾರನ್ನು ಯಾವಾಗ ಕೊಡಬೇಕು ಅಂತ ಬಲ್ಲ ಮ್ಯಾನೇಜರ್" ಅಂತ ಬರೆದಿದ್ದೇನೆ. ಅರ್ಥ ಸರಿಯಿದೆ, ಉದ್ದ ಜಾಸ್ತಿ, ತಲೆಬರಹಕ್ಕೆ ಹಿಡಿಸೋದಿಲ್ಲ.

ಅಡಿಕೆ ಮಂಡಿಯಲ್ಲೋ ದನದ ಜಾತ್ರೆಯಲ್ಲೋ ಈ ಜಾಣತನಕ್ಕೆ ಒಂದೇ ಪದ ಕೇಳಿದ್ದರೆ ತಿಳಿಸಿ. ಹಾಗೇ ಡ್ರಾಫ್ಟ್ ಪಿಕ್‌ಗೆ "ಸರದಿ" ಸಾಕಾ, "ಆಯ್ಕೆ ಸರದಿ" ಅಂತಲೇ ಬರೀಬೇಕಾ?