ಅಪ್‌ಡೇಟ್: ನಮ್ಮ ಬೀದಿ ತಿರುವಿನ ಸ್ಪೀಡ್ ಕಾಟ

ಹೋದ ತಿಂಗಳು ಕೇಳಿದ್ದೆ: ನಮ್ಮ ತಿರುವಿನಲ್ಲಿ ಗಾಡಿಗಳು ಸಿಕ್ಕಾಪಟ್ಟೆ ಜೋರಾಗಿ ಬರುತ್ತವೆ, ದೂರು ಕೊಟ್ಟರೆ ಪೊಲೀಸರು ಒಂದು ದಿನ ನಿಂತು ಹೋಗುತ್ತಾರೆ, ಏನು ಮಾಡೋದು ಅಂತ. 'ಸುಮ್ನೆ ದೂರಬೇಡಿ, ಲೆಕ್ಕ ಇಡಿ' ಎಂದಿದ್ದಿರಿ. ಇಟ್ಟೆವು.

ಎರಡು ಕಂಬಗಳ ನಡುವೆ 50 ಮೀಟರ್ ಅಳೆದುಕೊಂಡೆವು. ನಾನು, ಪಕ್ಕದ ಮನೆಯವರು ಸರದಿಯಲ್ಲಿ ಗೇಟಿನ ಹತ್ತಿರ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಒಂದು ವಾರ ನಿಂತೆವು. ಅಷ್ಟು ದೂರಕ್ಕೆ 6 ಸೆಕೆಂಡ್ ಹಿಡಿದರೆ ವೇಗ ಗಂಟೆಗೆ 30 ಕಿ.ಮೀ. 3 ಸೆಕೆಂಡಾದರೆ 60. ವೇಗ ಎರಡು ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಸುಮಾರು ನಾಲ್ಕು ಪಟ್ಟು ದೂರ ಬೇಕು. ಇದನ್ನೂ ಹಾಳೆಯ ಮೇಲೆ ಬರೆದೆವು.

ರಾತ್ರಿ ಬೈಕ್ ಹುಡುಗರದ್ದೇ ಕಾಟ ಅಂದುಕೊಂಡಿದ್ದೆ. ನೋಡಿದರೆ ಜಾಸ್ತಿ ಜೋರಾಗಿ ಓಡಿಸೋರು ಬೆಳಿಗ್ಗೆ ಸ್ಕೂಲಿಗೆ ಮಕ್ಕಳನ್ನು ಬಿಡೋ ನಮ್ಮ ಬೀದಿಯವರೇ! ಪಟ್ಟಿಯಲ್ಲಿ ನನ್ನ ತಮ್ಮನ ಕಾರೂ ಇತ್ತು. ಅವನು ಎರಡು ದಿನ ಮಾತು ಬಿಟ್ಟ.

ಬೀಟ್ ಪೊಲೀಸರಿಗೆ ಹಾಳೆ ಕೊಟ್ಟಾಗ ಸಮಯದ ಕಾಲಮ್ಮನ್ನೇ ಮೊದಲು ನೋಡಿದರು. ಈಗ ದಿನ ಬದಲಿಸಿ ಬೆಳಿಗ್ಗೆ ಅರ್ಧ ಗಂಟೆ ಬರುತ್ತಾರೆ. ಯಾವ ದಿನ ಅಂತ ಗೊತ್ತಾಗದೆ ಎಲ್ಲರೂ ನಿಧಾನ. ರಸ್ತೆ ಉಬ್ಬು ಹಾಕೋದು ಅವರ ಕೆಲಸವಲ್ಲವಂತೆ, ಅದಕ್ಕೆ ಬೇರೆ ಅರ್ಜಿ ಕೊಟ್ಟಿದ್ದೇವೆ.

ನಿಜವಾಗಿ ಉಪಯೋಗವಾಗಿದ್ದು ಮೂಲೆಮನೆಯ ಬೇಲಿ ಕತ್ತರಿಸಿದ್ದು. ಎದೆಮಟ್ಟ ಬೆಳೆದಿತ್ತು, ಅದರ ಹಿಂದೆ ನಿಂತ ಮಗು ಕಾಣ್ತಾನೇ ಇರಲಿಲ್ಲ. ಈಗ ಮೊಣಕಾಲೆತ್ತರ.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಬಂದಾಗ ಬರೆಯುತ್ತೇನೆ.