ಮುತ್ತಜ್ಜನ ಜಾಡು: ಒಂದು ತಿಥಿ, ಒಂದು ಸರ್ವೆ ನಂಬರು

ವರದಾ ದಂಡೆ:
ನಮ್ಮದು ಹಾವೇರಿ ಹತ್ತಿರದ ಒಕ್ಕಲುತನದ ಮನೆ. ಮುತ್ತಜ್ಜನ ಬಗ್ಗೆ ಗೊತ್ತಿರೋದು ಹೆಸರು, ಹೊಲದ ಸರ್ವೆ ನಂಬರು, ಹಳೇ ಲೆಕ್ಕದ ಪುಸ್ತಕದಲ್ಲಿರೋ ಒಂದು ಸಾಲು: 'ಕೀಲಕ ಸಂವತ್ಸರ, ಪುಷ್ಯ ಬಹುಳ ಪಂಚಮಿ, ತೀರಿಕೊಂಡರು.' ಅವರ ಬದುಕು ಬರೆದು ಮನೆಮಂದಿಗೆ ಪುಸ್ತಿಕೆ ಹಂಚಬೇಕು ಅಂತಿದೆ. ಎಲ್ಲಿಂದ ಹಿಡಿಯಲಿ?

ಹಳೇ ಉತಾರ:
ಸರ್ವೆ ನಂಬರ್ ಇದ್ದರೆ ಅರ್ಧ ಕೆಲಸ ಆದಂಗೇ ರೀ. ಆದರೆ ಭೂಮಿ ವೆಬ್‌ಸೈಟ್ ನಂಬಿ ಕೂರಬೇಡಿ, ಅಲ್ಲಿ ಅಷ್ಟು ಹಿಂದಿನದು ಸಿಗಲ್ಲ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಕೈಬರಹದ ಉತಾರ (ಪಹಣಿ) ಕೇಳಿ. ಮಾಲೀಕರ ಹೆಸರಿನ ಪಕ್ಕ ಹಕ್ಕು ಬದಲಾವಣೆಯ ನಂಬರ್ ಇರುತ್ತೆ. ಅದರ ನಕಲು ತೆಗೆಸಿದರೆ ಯಾರು ತೀರಿಕೊಂಡರು, ವಾರಸುದಾರರು ಯಾರು ಅಂತ ಬರೆದಿರುತ್ತೆ. ಹೀಗೆ ಒಂದೊಂದೇ ಹಿಂದಕ್ಕೆ ಹೋಗಿ.

ಎಡವೋದು ಮೂರು ಕಡೆ. ಹೊಲ ಪೋಡಿ ಆಗಿದ್ದರೆ, ಅಂದರೆ ಅಳೆದು ಭಾಗ ಮಾಡಿದ್ದರೆ, 45 ಅನ್ನೋದು 45/1, 45/2 ಆಗಿರುತ್ತೆ. ಮೂಲ ನಂಬರಿನಲ್ಲೂ ಹುಡುಕಿಸಿ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಮೊದಲು ಧಾರವಾಡ ಜಿಲ್ಲೆ. ತೀರಾ ಹಳೇ ಕಾಗದದಲ್ಲಿ 'ಕರಜಗಿ ತಾಲೂಕು' ಅಂತಿರುತ್ತೆ. ಮುಂಬೈ ಪ್ರಾಂತದ ಕಾಲದ ಕೆಲವು ಕಾಗದ ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿಯಲ್ಲಿವೆ, ಓದಬಲ್ಲವರನ್ನು ಹುಡುಕದೆ ಗತಿಯಿಲ್ಲ.

ಪಂಚಾಂಗಪ್ರಿಯ:
ತಿಥಿ ವಿಚಾರ. ಕೀಲಕ 60 ವರ್ಷಕ್ಕೊಮ್ಮೆ ಬರುತ್ತದೆ: 1908–09, ಆಮೇಲೆ 1968–69. ಮುತ್ತಜ್ಜ ಅಂದರೆ ಮೊದಲನೆಯದೇ ಇರಬೇಕು. ಹಾಗಂತ 1908 ಅಂತ ಅಚ್ಚು ಹಾಕಿಸಬೇಡಿ. ಸಂವತ್ಸರ ಯುಗಾದಿಯಿಂದ ಯುಗಾದಿಗೆ, ಪುಷ್ಯ ಬಹುಳ ಬರುವಷ್ಟರಲ್ಲಿ ಇಂಗ್ಲಿಷ್ ವರ್ಷ ಮಗುಚಿರುತ್ತದೆ. ಇದು 1909ರ ಜನವರಿ. ಪಂಚಾಂಗದ ಆ್ಯಪ್‌ನಲ್ಲಿ ನೋಡುವಾಗ ಅಮಾಂತ (ಅಮಾವಾಸ್ಯೆಗೆ ತಿಂಗಳು ಮುಗಿಯುವ) ಪದ್ಧತಿ ಆಯ್ದುಕೊಳ್ಳಿ. ಹುಣ್ಣಿಮೆಗೆ ತಿಂಗಳು ಮುಗಿಸುವ ಉತ್ತರದವರ ಪೂರ್ಣಿಮಾಂತ ಇಟ್ಟರೆ ಬಹುಳ ಪಕ್ಷ ಒಂದು ತಿಂಗಳು ಹಿಂದಕ್ಕೆ ಸರಿದು ಡಿಸೆಂಬರ್ ತೋರಿಸುತ್ತದೆ.

ಸುಗ್ಗಿ ಕಣ:
ಊರೂರು ತಿರುಗಿ ಮನೆತನದ ವಂಶಾವಳಿ ಹೇಳೋ ಹೆಳವರನ್ನ ಯಾಕ್ರಿ ಮರೆತ್ರಿ? ನಿಮ್ಮ ಮನೆತನಕ್ಕ ನಡಕೊಳ್ಳೋ ಹೆಳವರು ಯಾರು ಅಂತ ಊರಿನ ಹಿರಿಯರನ್ನ ಕೇಳ್ರಿ. ಸುಗ್ಗಿ ಮುಗದ ಮ್ಯಾಲೆ ಬರ್ತಾರ. ಮೂಲ ಊರು ಯಾವುದು, ಅಲ್ಲಿಂದ ಯಾಕ ಗುಳೆ ಬಂದ್ರು, ಅಣ್ತಮ್ಮಂದಿರು ಎಲ್ಲೆಲ್ಲಿ ಚದುರಿದ್ರು, ಇವು ಉತಾರದಾಗ ಸಿಗಂಗಿಲ್ಲ. ಅವರು ಹೇಳೋದನ್ನ ಪೂರ್ತಿ ರೆಕಾರ್ಡ್ ಮಾಡ್ರಿ, ನಡುವ ತಡದು ಪ್ರಶ್ನೆ ಕೇಳಬ್ಯಾಡ್ರಿ, ಓಘ ತಪ್ಪತೈತಿ. ಕಾಳು, ರೊಕ್ಕ ಕೈತುಂಬ ಕೊಡ್ರಿ. ಹೊಗಳಿಕಿ ಭಾಗ ಬ್ಯಾರೆ, ಹೆಸರಿನ ಸಾಲು ಬ್ಯಾರೆ; ಪುಸ್ತಿಕೆಗೆ ಹಾಕೋ ಮುಂಚೆ ಹೆಸರುಗಳನ್ನ ಉತಾರದ ಜೋಡಿ ತಾಳೆ ನೋಡ್ರಿ. ಹೆಣ್ಮಕ್ಕಳ ಹೆಸರು ಕಡಿಮಿ ಬರ್ತಾವು, ಅವನ್ನ ಮನಿಯ ಹಿರಿಯ ಹೆಂಗಸರನ್ನ ಕೇಳೇ ಬರಕೋಬೇಕು.

ವರದಾ ದಂಡೆ:
ಮನೆಯಲ್ಲೇ ಉತಾರದ ಒಂದು ಹಳೇ ನಕಲು ಸಿಕ್ಕಿತು. ಮುತ್ತಜ್ಜನ ಹೆಸರಿನ ಜೊತೆ 'ಏ.ಕು.ಮ್ಯಾ.' ಅಂತಿದೆ. ಅವರೊಬ್ಬರದೇ ಹೊಲ ಅಂತಲೇ?

ಹಳೇ ಉತಾರ:
ಅಲ್ಲ. ಅದು ಏಕತ್ರ (ಅವಿಭಕ್ತ) ಕುಟುಂಬದ ಮ್ಯಾನೇಜರ್. ತಮ್ಮಂದಿರ ಪಾಲೂ ಅದರಲ್ಲಿ ಸೇರಿರುತ್ತೆ, ಹಾಗಾಗಿ 'ಇಷ್ಟು ಎಕರೆಯ ಒಡೆಯ' ಅಂತ ಬರೆಯಬೇಡಿ. 'ಅ.ಪಾ.ಕ.' ಕಂಡರೆ ವಾರಸುದಾರ ಆಗಿನ್ನೂ ಅಪ್ರಾಪ್ತ, ಬೇರೆಯವರು ಪಾಲಕರು. ಮಗನ ವಯಸ್ಸು ಅಂದಾಜಿಸೋಕೆ ಇದಕ್ಕಿಂತ ಒಳ್ಳೇ ಸುಳಿವಿಲ್ಲ. ಇನ್ನೊಂದು: ಮೊಮ್ಮಗನಿಗೆ ಅಜ್ಜನ ಹೆಸರಿಡೋ ಮನೆಗಳಲ್ಲಿ 'ಬಸಪ್ಪ ಬಿನ್ ಕಲ್ಲಪ್ಪ' ಒಂದು ತಲೆಮಾರು ಬಿಟ್ಟು ಮತ್ತೆ ಬರ್ತಾನೆ. ಪ್ರತಿ ಹೆಸರಿಗೂ ಇಸವಿ ಬರೆದುಕೊಳ್ಳಿ. ದತ್ತಕ ಹೋಗಿದ್ದರೆ ಅಪ್ಪನ ಹೆಸರೂ ಬದಲಾಗಿರುತ್ತೆ, ಅದನ್ನೂ ವಿಚಾರಿಸಿ.